ರೊಕ್ಕ ಯಾರು ಕೊಡಾವ್ರು?

2024ರ ಮೇ ತಿಂಗಳ ಒಂದು ಸಂಜೆ. ಕಲಘಟಗಿ ತಾಲೂಕಿನ ತಂಬೂರಿನ ಒಂದು ಮನೆ. ಮುಂದಿನ ಕಟ್ಟೆಯ ಮೇಲೆ ಕುಳಿತು ಅಪ್ಪ ಕೂರಿಗೆಯ ತಾಳು ಸರಿಮಾಡುತ್ತಿದ್ದ. ಮುಂಗಾರು ಎರಡು ವಾರದ ದೂರದಲ್ಲಿತ್ತು. ಒಳಗಿನಿಂದ ಮೊಬೈಲು ಹಿಡಿದು ಓಡಿಬಂದ ಮಗಳು, ‘ಅಪ್ಪಾ, ಸೀಟು ಸಿಕ್ಕೈತಿ. ಇಂಗ್ಲೆಂಡಿನ ಯುನಿವರ್ಸಿಟಿ’ ಎಂದಳು. ಪತ್ರವನ್ನು ಓದಿ ಕನ್ನಡದಲ್ಲಿ ಹೇಳಿದಳು. ತಮ್ಮಲ್ಲಿ ಎಂ.ಎಸ್ಸಿ. ಓದಲು ನಿಮ್ಮನ್ನು ಸ್ವಾಗತಿಸಲು ಬಹಳ ಸಂತೋಷವಾಗುತ್ತಿದೆ ಎಂದು ಅವರು ಬರೆದಿದ್ದರು.

ಅಪ್ಪ ಪೂರಾ ಕೇಳಿಸಿಕೊಂಡ. ಕೈಯಲ್ಲಿದ್ದ ಬಾಚಿ ಕೆಳಗಿಟ್ಟ. ‘ಭಾಳ ಚಲೋ ಆತು ಯವ್ವಾ. ರೊಕ್ಕ ಯಾರು ಕೊಡಾವ್ರು?’ ಎಂದು ಕೇಳಿದ.

ಮಗಳ ಮುಖ ಸಣ್ಣದಾಯಿತು. ಇಷ್ಟು ದೊಡ್ಡ ಸುದ್ದಿಗೆ ಇಷ್ಟು ಸಣ್ಣ ಪ್ರಶ್ನೆಯೇ ಎಂದು ಆಕೆಗೆ ಅನಿಸಿತು. ಆ ಪ್ರಶ್ನೆ ಎಷ್ಟು ದೊಡ್ಡದು ಎಂಬುದು ಅರ್ಥವಾಗಲು ಆ ಮಳೆಗಾಲ ಪೂರ್ತಿ ಬೇಕಾಯಿತು.

ತಂಬೂರು ಅರೆಮಲೆನಾಡಿನ ಊರು. ಬಸವಣ್ಣನ ಗುಡಿ, ಕೆರೆ, ಕೆರೆಯ ಕೆಳಗೆ ಗದ್ದೆ, ಅದರಾಚೆ ಮಳೆಯನ್ನೇ ನಂಬಿದ ಹೊಲ. ಈ ಭಾಗದ ಭತ್ತವೆಂದರೆ ಸಸಿ ಮಾಡಿ ನಾಟಿ ಹಾಕುವ ಭತ್ತವಲ್ಲ. ಮೊದಲ ಮಳೆಯ ಹದಕ್ಕೆ ಒಣ ಮಣ್ಣಿನಲ್ಲೇ ಕೂರಿಗೆಯಿಂದ ಬಿತ್ತುವ ಕೂರಿಗೆ ಭತ್ತ. ಈಚಿನ ವರ್ಷಗಳಲ್ಲಿ ಸುತ್ತಿನ ಬಹಳಷ್ಟು ಹೊಲಗಳಿಗೆ ಗೋವಿನಜೋಳ ಬಂದಿದೆ. ಈ ಮನೆಯ ನಾಲ್ಕು ಎಕರೆಯಲ್ಲೂ ಮೂರಕ್ಕೆ ಗೋವಿನಜೋಳವೇ. ಒಂದು ಎಕರೆಯಲ್ಲಿ ಮಾತ್ರ ಅಪ್ಪ ಹಟ ಹಿಡಿದವನಂತೆ ಭತ್ತ ಬಿತ್ತುತ್ತಿದ್ದ. ‘ಉಣ್ಣೂದನ್ನರ ನಾವು ಬೆಳೀಬೇಕಲ್ಲ’ ಎಂಬುದು ಅವನ ಲೆಕ್ಕ.

ಮಗಳು ಕೃಷಿಕರ ಮಕ್ಕಳ ಕೋಟಾದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದವಳು. 1986ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯ ಊರಿನಿಂದ ಎರಡು ಬಸ್ಸಿನ ದೂರದಲ್ಲಿದೆ. ನಾಲ್ಕು ವರ್ಷ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮುಗಿಸಿದಳು. ಮುಂದೆ ಓದಬೇಕು, ಅದೂ ಭತ್ತದ ತಳಿಗಳ ಮೇಲೆ ಕೆಲಸ ಮಾಡಬೇಕು ಎಂಬ ಆಸೆ ಮೂರನೆಯ ವರ್ಷದಲ್ಲೇ ಹುಟ್ಟಿತ್ತು. ಎಲ್ಲಿ, ಹೇಗೆ, ಯಾವಾಗ ಅರ್ಜಿ ಹಾಕಬೇಕು ಎಂದು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ಏಳನೆಯ ಇಯತ್ತೆ, ಅವ್ವ ನಾಲ್ಕನೆಯದು.

ಹೇಳಲು ಮುಂದೆ ಬಂದವರು ಹುಬ್ಬಳ್ಳಿಯ ಒಂದು ಏಜೆನ್ಸಿಯವರು. ತಂಪು ಕೋಣೆ, ಗೋಡೆಯ ತುಂಬ ವಿದೇಶಿ ಬಾವುಟ, ಕುಡಿಯಲು ಜ್ಯೂಸು. ಅರ್ಜಿಯ ಜೊತೆ ಕೊಡಬೇಕಾದ ‘ಉದ್ದೇಶ ಪತ್ರ’ವನ್ನೂ ಅವರೇ ಬರೆದುಕೊಟ್ಟರು. ಬಾಲ್ಯದಿಂದಲೂ ವಿಜ್ಞಾನವೇ ತನ್ನ ಉಸಿರು, ನಿಮ್ಮ ವಿಶ್ವವಿದ್ಯಾಲಯವೇ ತನ್ನ ಕನಸು ಎಂದೆಲ್ಲ ಅದರಲ್ಲಿತ್ತು. ಕೂರಿಗೆ ಇರಲಿಲ್ಲ, ಕೆರೆ ಇರಲಿಲ್ಲ, ಅಪ್ಪನ ಒಂದು ಎಕರೆ ಭತ್ತವೂ ಇರಲಿಲ್ಲ. ಹೆಸರು ಬದಲಿಸಿದರೆ ಯಾರದಾದರೂ ಆಗಬಹುದಾದ ಪತ್ರ. ಆದರೂ ಸೀಟು ಸಿಕ್ಕಿತು. ಹಣ ಕೊಟ್ಟು ಓದುವವರಿಗೆ ಸೀಟು ಸಿಗುವುದು ಅಷ್ಟೇನೂ ಕಷ್ಟವಲ್ಲ ಎಂಬುದನ್ನು ಮಾತ್ರ ಆ ತಂಪು ಕೋಣೆಯಲ್ಲಿ ಯಾರೂ ಹೇಳಲಿಲ್ಲ.

ಲೆಕ್ಕ ಬಂದದ್ದು ಆಮೇಲೆ. ಒಂದು ವರ್ಷದ ಓದಿಗೆ ಶುಲ್ಕವೇ ಇಪ್ಪತ್ತು ಲಕ್ಷದ ಮೇಲೆ. ಇನ್ನು ವೀಸಾದ ನಿಯಮ. ಲಂಡನ್ ಬಿಟ್ಟು ಬೇರೆ ಊರಲ್ಲಿ ಓದುವವರು ತಿಂಗಳಿಗೆ 1023 ಪೌಂಡಿನಂತೆ ಒಂಬತ್ತು ತಿಂಗಳ ಖರ್ಚನ್ನು ಮೊದಲೇ ತೋರಿಸಬೇಕು ಎಂದು 2024ರ ಆ ದಿನಗಳಲ್ಲಿತ್ತು. ನಮ್ಮ ಹಣದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು. ಅದು ಖಾತೆಯಲ್ಲಿ ಒಂದು ದಿನ ಇದ್ದರೆ ಸಾಲದು, ಸತತ 28 ದಿನ ಅಲುಗದೆ ಇರಬೇಕು.

ಅಪ್ಪನಿಗೆ ಈ 28 ದಿನದ ಮಾತು ಬಹಳ ವಿಚಿತ್ರವಾಗಿ ಕಂಡಿತು. ‘ನಮ್ಮ ಖಾತೆದಾಗ ರೊಕ್ಕ 28 ತಾಸು ನಿಂತಿದ್ದು ನಾ ನೋಡಿಲ್ಲ’ ಎಂದು ನಕ್ಕ. ಆ ನಗುವಿನ ಹಿಂದೆ ಹಿಂದಿನ ವರ್ಷವಿತ್ತು. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಸಾರಿತ್ತು. ಭತ್ತ ತೆನೆ ಕಟ್ಟುವ ಹೊತ್ತಿಗೆ ಒಣಗಿತ್ತು. ಗೊಬ್ಬರದ ಅಂಗಡಿಯ ಬಾಕಿ ಇನ್ನೂ ಹಾಗೆಯೇ ಇತ್ತು.

ಆದರೂ ಅಪ್ಪ ಮಗಳನ್ನು ಕರೆದುಕೊಂಡು ಬ್ಯಾಂಕಿಗೆ ಹೋದ. ಮ್ಯಾನೇಜರು ಒಳ್ಳೆಯವರು, ಕೂರಿಸಿ ಮಾತಾಡಿಸಿದರು. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಅಡವಿಗೆ ಆಸ್ತಿ ಬೇಕು ಎಂದರು. ಅಪ್ಪ ಚೀಲದಿಂದ ಉತಾರ ತೆಗೆದು ಮೇಜಿನ ಮೇಲಿಟ್ಟ. ‘ನಾಕು ಎಕರೆ ಐತ್ರಿ ಸಾಹೇಬ್ರ.’

‘ಹೊಲ ನಡಿಯೂದಿಲ್ರಿ’ ಎಂದರು ಮ್ಯಾನೇಜರು.

ಅಪ್ಪನಿಗೆ ತಿಳಿಯಲಿಲ್ಲ. ಬೆಳೆಸಾಲಕ್ಕೆ ಅದೇ ಹೊಲ ನಡೆಯುತ್ತದೆ, ಮಗಳ ಓದಿಗೆ ಯಾಕೆ ನಡೆಯುವುದಿಲ್ಲ? ಮ್ಯಾನೇಜರು ಬಿಡಿಸಿ ಹೇಳಿದರು. ಸಾಲ ಮರಳದಿದ್ದರೆ ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿಯನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು 2002ರ ಸರ್ಫೇಸಿ ಕಾಯ್ದೆ ಬ್ಯಾಂಕುಗಳಿಗೆ ಕೊಟ್ಟಿದೆ. ಕೃಷಿ ಜಮೀನನ್ನು ಮಾತ್ರ ಅದರಿಂದ ಹೊರಗಿಟ್ಟಿದೆ. ರೈತನ ಹೊಲ ಉಳಿಯಲಿ ಎಂದೇ ಮಾಡಿದ ಏರ್ಪಾಟು. ಹಾಗಾಗಿ ಇಂಥ ದೊಡ್ಡ ಸಾಲಕ್ಕೆ ಬ್ಯಾಂಕಿನವರು ಹೊಲ ಹಿಡಿಯಲು ಹಿಂಜರಿಯುತ್ತಾರೆ. ಪಟ್ಟಣದಲ್ಲಿ ಮನೆಯೋ ಪ್ಲಾಟೋ ಇದ್ದರೆ ಬೇರೆ ಮಾತು. ಊರಿನ ಮನೆ ಇತ್ತು, ಆದರೆ ಅದು ಅಜ್ಜನ ಕಾಲದಿಂದ ಬಂದದ್ದು, ಕಾಗದಪತ್ರ ಸರಿಯಿರಲಿಲ್ಲ.

ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಕಲಘಟಗಿಯಲ್ಲಿ ಇಳಿದು ಚಹಾ ಕುಡಿಯುವಾಗ ಅಪ್ಪ ಮೆಲ್ಲಗೆ, ‘ಒತ್ತಿ ಇಡಾಕ ಬರೂದಿಲ್ಲಂದ್ರ ಮಾರಾಕಂತೂ ಬರತೈತಿ’ ಎಂದ.

ಕೊಳ್ಳುವವರಿಗೆ ಬರವಿರಲಿಲ್ಲ. ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದೆಂದು 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದುಪಡಿಯಾದ ಮೇಲೆ, ಕಾಡು ಹತ್ತಿರವಿರುವ, ಕೆರೆ ಕಾಣುವ ಹೊಲಗಳನ್ನು ಕೇಳಿಕೊಂಡು ಕಾರುಗಳು ಬರುತ್ತಿದ್ದವು. ಎರಡು ಎಕರೆ ಕೊಟ್ಟರೆ ಒಂದಿಷ್ಟು ಸಾಲದ ಜೊತೆ ಲೆಕ್ಕ ಕೂಡುತ್ತಿತ್ತು. ಅಪ್ಪ ಮನಸ್ಸು ಮಾಡಿಯೂ ಬಿಟ್ಟಿದ್ದ.

ಆ ರಾತ್ರಿ ರೊಟ್ಟಿ ಬಡಿಯುತ್ತಿದ್ದ ಅವ್ವ ಒಂದೇ ಮಾತು ಹೇಳಿದಳು. ‘ಹೊಲದ ವಿದ್ಯಾ ಕಲಿಯಾಕ ಹೊಲಾನ ಮಾರೂದೇನು?’

ಯಾರೂ ಉತ್ತರ ಕೊಡಲಿಲ್ಲ. ಮಗಳು ಮರುದಿನ ಧಾರವಾಡದ ಬಸ್ಸು ಹತ್ತಿದಳು.

ಸಪ್ತಾಪುರದಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರಿದ್ದರು. ಯಾರಿಗೇ ಅರ್ಜಿಯ ಗೊಂದಲವಿದ್ದರೂ ಸೀನಿಯರುಗಳು ಅವರ ಮನೆಯ ದಾರಿ ತೋರಿಸುತ್ತಿದ್ದರು. ಹುಡುಗಿ ಎಲ್ಲವನ್ನೂ ಹೇಳಿಕೊಂಡಳು. ಅಪ್ಪ ಮೊದಲ ದಿನವೇ ರೊಕ್ಕದ ಮಾತು ಎತ್ತಿದ್ದು ತನಗೆ ನೋವಾಯಿತು ಎಂಬುದನ್ನೂ ಹೇಳಿದಳು.

ಪ್ರಾಧ್ಯಾಪಕರು ನಕ್ಕರು. ‘ನಿಮ್ಮಪ್ಪ ಕೇಳಿದ ಪ್ರಶ್ನೆ ಈ ಧಾರವಾಡದ ಹಳೇ ಪ್ರಶ್ನೆ, ತಂಗಿ. ಅದನ್ನ ಕೇಳಿ ಕೇಳೇ ಈ ಊರು ಇಷ್ಟು ಕಲ್ತದ’ ಎಂದರು.

ಆಮೇಲೆ ಅವರು ಹೇಳಿದ್ದು ಒಂದು ದೊಡ್ಡ ಕಥೆ. 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬರುವ ತನಕ ಈ ಸೀಮೆಯ ಹುಡುಗರು ಬಿ.ಎ. ಮಾಡಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಓದಲೆಂದು ಪುಣೆಗೆ ನಡೆದೇ ಹೋದರೆಂಬುದು ಇಲ್ಲಿ ಮನೆಮನೆಯಲ್ಲಿ ಹೇಳಿಕೊಂಡು ಬಂದ ಮಾತು. ಹೋದ ಮೇಲೂ ಊಟದ ಪ್ರಶ್ನೆ, ಕೋಣೆಯ ಪ್ರಶ್ನೆ. ಅದಕ್ಕೇ ಇಲ್ಲಿ ಕಾಲೇಜಿನಷ್ಟೇ ಮುಖ್ಯವಾಗಿ ಪ್ರಸಾದ ನಿಲಯಗಳು ಹುಟ್ಟಿದವು. ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಹಳ್ಳಿಯ ಬಡ ಹುಡುಗರಿಗೆ ಅನ್ನ ಹಾಕಿ ಓದಿಸಿದರು. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ವಿದ್ಯೆಗೆಂದೇ ಬರೆದಿಟ್ಟರು. ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಬಂದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಯಾಗಿ ಅದನ್ನು ಬೆಳೆಸಿದರು. ಅವರ ಹೆಸರಿನ ಪ್ರತಿಷ್ಠಾನ ಆಮೇಲೆ ಈ ನಾಡಿನ ಎಷ್ಟೋ ಮಂದಿಯನ್ನು ಅದೇ ಕೇಂಬ್ರಿಜ್‌ಗೆ ಕಳಿಸಿತು. ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು 1960ರಲ್ಲಿ ಆಕ್ಸ್‌ಫರ್ಡಿಗೆ ಹೋದದ್ದು ರೋಡ್ಸ್ ವಿದ್ಯಾರ್ಥಿವೇತನದ ಮೇಲೆ.

‘ಬುದ್ಧಿ ಇದ್ದವರು ಹೋದರು ಅಂತ ನಾವು ಹೇಳತೀವಿ. ಖರೆ. ಆದ್ರ ಅವರ ಹಿಂದ ಯಾರದೋ ಗಂಟಿತ್ತು, ಯಾವುದೋ ಮಠದ ಒಲಿ ಉರೀತಿತ್ತು. ಅದನ್ನ ಹುಡುಕೂದು ನಾಚಿಗಿ ಕೆಲಸ ಅಲ್ಲ. ಅದೂ ಓದಿನ ಒಂದು ಭಾಗ.’

ನಂತರ ಅವರು ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆದರು. ಎಡಕ್ಕೆ ‘ಮಾಸ್ಟರ್ಸ್’, ಬಲಕ್ಕೆ ‘ಪಿಎಚ್.ಡಿ.’ ಎಂದು ಬರೆದರು. ಹೊರದೇಶದಲ್ಲಿ ಸಾಮಾನ್ಯವಾಗಿ ಮಾಸ್ಟರ್ಸ್‌ಗೆ ವಿದ್ಯಾರ್ಥಿ ಹಣ ಕೊಡಬೇಕು. ವಿಜ್ಞಾನದ ಪಿಎಚ್.ಡಿ.ಗೆ ಬಹುಪಾಲು ಅವರೇ ಕೊಡುತ್ತಾರೆ. ಅಮೆರಿಕದಲ್ಲಾದರೆ ಶುಲ್ಕ ಮಾಫಿ ಮಾಡಿ, ಪಾಠ ಮಾಡುವುದಕ್ಕೋ ಪ್ರಯೋಗಶಾಲೆಯ ಕೆಲಸಕ್ಕೋ ತಿಂಗಳ ವೇತನ ಕೊಡುವುದು ರೂಢಿ. ಮಾಸ್ಟರ್ಸ್‌ಗೂ ಪೂರ್ಣ ವೇತನಗಳಿಲ್ಲವೆಂದಲ್ಲ. ಯುರೋಪಿನ ಎರಾಸ್ಮಸ್ ಮುಂಡಸ್ ಇದೆ, ಬ್ರಿಟನ್ನಿನ ಕಾಮನ್‌ವೆಲ್ತ್ ಇದೆ. ಆದರೆ ಅವುಗಳಿಗೆ ಅರ್ಜಿ ಹಾಕುವ ಕಾಲ ಹಿಂದಿನ ಚಳಿಗಾಲದಲ್ಲೇ ಮುಗಿದಿರುತ್ತದೆ. ಸೀಟು ಸಿಕ್ಕ ಮೇಲೆ ವೇತನ ಹುಡುಕುತ್ತೇನೆಂದರೆ ಹದ ಆರಿದ ಮೇಲೆ ಕೂರಿಗೆ ಹೂಡಿದ ಹಾಗೆ.

ಹುಡುಗಿಗೆ ಈ ಮಾತು ತಟ್ಟನೆ ತಲೆಗೆ ಹೋಯಿತು. ಹದದ ಬೆಲೆ ಆ ಮನೆಯ ಮಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಿತ್ತನೆಗೊಂದು ಹದವಿರುವಂತೆ ಅರ್ಜಿಗೂ ಇದೆ ಎಂಬುದನ್ನು ಮಾತ್ರ ಯಾರೂ ಈವರೆಗೆ ಹೇಳಿರಲಿಲ್ಲ.

ಹಾಗಾದರೆ ಈಗೇನು? ಗೆಳತಿಯರ ಒತ್ತಾಯಕ್ಕೆ ಆಕೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೂ ಅರ್ಜಿ ತುಂಬಿದ್ದಳು. ಜೂನ್ ಕೊನೆಗೆ ಪರೀಕ್ಷೆ. ಇಂಗ್ಲೆಂಡಿನ ಪತ್ರ ಬಂದ ಮೇಲೆ ಪುಸ್ತಕ ಮುಚ್ಚಿಟ್ಟಿದ್ದಳು. ಮತ್ತೆ ತೆರೆದಳು. ಏಜೆನ್ಸಿಯವರ ಫೋನು ದಿನಕ್ಕೆ ಮೂರು ಸಲ ಬರುತ್ತಿತ್ತು. ಠೇವಣಿ ಕಟ್ಟಲು ಇಷ್ಟೇ ದಿನ ಉಳಿದಿದೆ, ಇಂಥ ಅವಕಾಶ ಮತ್ತೆ ಬಾರದು ಎಂದು. ಒಂದು ದಿನ ಫೋನು ಅಪ್ಪನ ಕೈಗೆ ಸಿಕ್ಕಿತು. ‘ನಮ್ಮ ಹುಡುಗಿ ಪರೀಕ್ಷಾಕ ಓದಾಕತ್ತಾಳ್ರಿ, ಮಳಿ ಹೋದಮ್ಯಾಲೆ ಮಾತಾಡೂಣ’ ಎಂದು ಹೇಳಿ ಇಟ್ಟ. ಫೋನು ಬರುವುದು ನಿಂತಿತು.

ಪರೀಕ್ಷೆಯಲ್ಲಿ ಬಂದ ರ‍್ಯಾಂಕು ಊರಿಗೆ ಪೇಢೆ ಹಂಚುವಂಥದ್ದೂ ಅಲ್ಲ, ಮುಖ ಮುಚ್ಚಿಕೊಳ್ಳುವಂಥದ್ದೂ ಅಲ್ಲ. ಪರಿಷತ್ತಿನ ದೊಡ್ಡ ಶಿಷ್ಯವೇತನಕ್ಕೆ ಅದು ಮುಟ್ಟಲಿಲ್ಲ. ಆದರೆ ಈ ಪರೀಕ್ಷೆಯ ಮೂಲಕ ತಮ್ಮ ರಾಜ್ಯ ಬಿಟ್ಟು ಬೇರೆ ರಾಜ್ಯದಲ್ಲಿ ಓದುವವರಿಗೆ ತಿಂಗಳಿಗೆ 5 ಸಾವಿರ ರೂಪಾಯಿಯ ರಾಷ್ಟ್ರೀಯ ಪ್ರತಿಭಾ ವೇತನವೊಂದಿತ್ತು. ಇದನ್ನು ಕೇಳಿ ಅವ್ವ, ‘ಊರಾಗ ಇದ್ರ ಕೊಡೂದಿಲ್ಲ, ಊರು ಬಿಟ್ರ ಕೊಡತಾರ. ಇದ್ಯಾವ ನ್ಯಾಯ?’ ಎಂದಳು.

ನ್ಯಾಯ ಇತ್ತು. ಅದನ್ನೂ ಪ್ರಾಧ್ಯಾಪಕರೇ ಬಿಡಿಸಿದರು. ಧಾರವಾಡದಲ್ಲೇ ಎಂ.ಎಸ್ಸಿ. ಮಾಡಬಹುದಿತ್ತು. ಪರಿಚಯದ ಗುರುಗಳು, ಎರಡು ಬಸ್ಸಿನ ದೂರ, ಮುಗದದಲ್ಲಿ ಭತ್ತದ ಸಂಶೋಧನಾ ಕೇಂದ್ರ. ಯಾವ ಕೊರತೆಯೂ ಇಲ್ಲ. ‘ಖರೆ, ಆದ್ರ ಒಂದ ಹೊಲದಾಗ ವರ್ಷಾ ವರ್ಷಾ ಒಂದ ಬೆಳಿ ತಗೀತಾರೇನು? ನಾಕು ವರ್ಷ ಇಲ್ಲಿ ಕಲ್ತಿ. ಇನ್ನ ಬ್ಯಾರೆ ಮಣ್ಣು ನೋಡು’ ಎಂದರು.

ಇನ್ನು ಉಳಿದದ್ದು ಆಯ್ಕೆಯ ಪಟ್ಟಿಯಲ್ಲಿ ಯಾವುದನ್ನು ಮೊದಲು ಬರೆಯುವುದು ಎಂಬುದು. ಒಂದು ಪಂತನಗರ. 1960ರಲ್ಲಿ ಶುರುವಾದ, ದೇಶದ ಮೊದಲ ಕೃಷಿ ವಿಶ್ವವಿದ್ಯಾಲಯ. ಹೆಸರು ದೊಡ್ಡದು. ಆದರೆ ಆಕೆಯ ರ‍್ಯಾಂಕಿಗೆ ಅಲ್ಲಿ ಸಿಗುವಂತಿದ್ದದ್ದು ಬೀಜ ವಿಜ್ಞಾನ. ಇನ್ನೊಂದು ಹೈದರಾಬಾದಿನ ರಾಜೇಂದ್ರನಗರ. ಅಲ್ಲಿ ತಳಿ ಅಭಿವೃದ್ಧಿ ವಿಭಾಗದಲ್ಲೇ ಸೀಟು ಸಿಗುವ ಹಾಗಿತ್ತು. ವಿಶ್ವವಿದ್ಯಾಲಯದ ಜೊತೆಗೆ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯೂ ಅದೇ ರಾಜೇಂದ್ರನಗರದಲ್ಲಿದೆ. ದೇಶದ ಭತ್ತದ ಸುಧಾರಣೆಗೆಂದು 1965ರಲ್ಲಿ ಹೂಡಿದ ಸಂಯೋಜಿತ ಯೋಜನೆ ಶುರುವಾದದ್ದು ಹೈದರಾಬಾದಿನಿಂದಲೇ.

ಗೆಳತಿಯರೆಲ್ಲ ಪಂತನಗರ ಎಂದರು. ಹುಡುಗಿ ಈ ಸಲ ತಂಪು ಕೋಣೆಗೆ ಹೋಗಲಿಲ್ಲ. ಎರಡೂ ಕಡೆ ಓದುತ್ತಿದ್ದ ಹಳೆಯ ವಿದ್ಯಾರ್ಥಿಗಳ ನಂಬರು ಹುಡುಕಿ ಒಬ್ಬೊಬ್ಬರಿಗೂ ಫೋನು ಮಾಡಿದಳು. ಹಾಸ್ಟೆಲು ಯಾವಾಗ ಸಿಗುತ್ತದೆ, ವೇತನ ತಿಂಗಳ ತಿಂಗಳ ಬರುತ್ತದೋ ಆರು ತಿಂಗಳಿಗೊಮ್ಮೆಯೋ, ಗೈಡ್ ವಿದ್ಯಾರ್ಥಿಯ ಬರಹವನ್ನು ಓದಿ ತಿದ್ದುತ್ತಾರೋ ಇಲ್ಲವೋ, ಹಿಂದಿನವರು ಮುಗಿಸಿ ಎಲ್ಲಿಗೆ ಹೋದರು. ಇವೆಲ್ಲ ಯಾವ ಹೊಳಪಿನ ಪುಸ್ತಿಕೆಯಲ್ಲೂ ಅಚ್ಚಾಗುವುದಿಲ್ಲ. ಕೊನೆಗೆ ರಾಜೇಂದ್ರನಗರವನ್ನು ಮೊದಲು ಬರೆದಳು. ಕಟ್ಟಡದ ಹೆಸರಿಗಿಂತ ತಾನು ಮಾಡಬೇಕೆಂದಿದ್ದ ಕೆಲಸ ಎಲ್ಲಿ ನಡೆಯುತ್ತಿದೆ ಎಂಬುದು ದೊಡ್ಡದು ಎಂದು ಆಕೆಗೆ ಅನಿಸಿತ್ತು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಅಪ್ಪ-ಮಗಳು ಹುಬ್ಬಳ್ಳಿಯ ನಿಲ್ದಾಣದಲ್ಲಿ ನಿಂತಿದ್ದರು. 2023ರಲ್ಲಿ ಉದ್ಘಾಟನೆಯಾದ, 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮು. ಜಗತ್ತಿಗೇ ಉದ್ದವಾದದ್ದಂತೆ ಎಂದು ಮಗಳು ಹೇಳಿದಳು. ಅಪ್ಪನ ತಲೆಯ ಮೇಲೆ ಅಕ್ಕಿಯ ಚೀಲ, ಕೈಯಲ್ಲಿ ರೊಟ್ಟಿ, ಶೇಂಗಾಚಟ್ನಿಯ ಗಂಟು. ‘ನಮ್ಮ ಹೊಲದ ಬದುವಿನ ಮ್ಯಾಲೆ ಎಷ್ಟು ಸಲ ಅಡ್ಡಾಡಿದ್ರೂ ಇಷ್ಟು ದಣಿದಿಲ್ಲ’ ಎಂದ. ಆ ಹೊಲ ನಾಲ್ಕು ಎಕರೆಯಾಗಿಯೇ ಉಳಿದಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ತಿಂಗಳಿಗೆ 5 ಸಾವಿರ ದೊಡ್ಡ ಹಣವಲ್ಲ. ಅದು ಕೈಗೆ ಬರಲು ತಡವಾದ ತಿಂಗಳುಗಳಲ್ಲಿ ಅಪ್ಪ ಗೋವಿನಜೋಳದ ದುಡ್ಡಿನಲ್ಲಿ ಸ್ವಲ್ಪ ಕಳಿಸಿದ. ಹಾಸ್ಟೆಲಿನ ಊಟ ಹಿಡಿಸದೆ ಹುಡುಗಿ ಮೊದಲ ತಿಂಗಳು ಬಹಳ ಅತ್ತಳು. ಊರಿನ ಹೆಸರು ಕೇಳಿದವರೆಲ್ಲ ವಾದ್ಯವೇ ಎಂದು ಕೇಳಿ ನಕ್ಕರು. ಆದರೆ ತರಗತಿಯಲ್ಲಿ ಒಂದು ದಿನ ನೇರ ಬಿತ್ತನೆ ಭತ್ತದ ಪಾಠ ಬಂತು. ಪಂಜಾಬಿನಂಥ ಕಡೆ ಅಂತರ್ಜಲ ಕುಸಿದು, ನಾಟಿ ಬಿಟ್ಟು ಒಣ ಮಣ್ಣಿಗೇ ಬಿತ್ತಿರಿ ಎಂದು ರೈತರಿಗೆ ಹೇಳುತ್ತಿದ್ದಾರೆ. ಅದಕ್ಕೆ ತಕ್ಕ ತಳಿಗಳು ಬೇಕಾಗಿವೆ. ಬೇಗ ಮೊಳೆತು ಮೇಲೇಳುವ, ಕಳೆಯನ್ನು ಮೀರಿ ಬೆಳೆಯುವ, ಆಳಕ್ಕೆ ಬೇರು ಬಿಡುವ ತಳಿಗಳು. ಹುಡುಗಿ ಎದ್ದು ನಿಂತು, ‘ಸರ್, ನಮ್ಮ ಊರಲ್ಲಿ ತಲೆಮಾರುಗಳಿಂದ ಹಾಗೆಯೇ ಬಿತ್ತುತ್ತಾರೆ’ ಎಂದಳು. ಪಾಠ ಅರ್ಧಕ್ಕೆ ನಿಂತು ಕೂರಿಗೆಯ ಕಡೆ ತಿರುಗಿತು.

2025ರ ದೀಪಾವಳಿಗೆ ಊರಿಗೆ ಬಂದವಳು ಪಿಎಚ್.ಡಿ. ಅರ್ಜಿಗೆ ಹೊಸ ಉದ್ದೇಶ ಪತ್ರ ಬರೆಯುತ್ತಿದ್ದಳು. ಈ ಸಲ ಯಾರ ಕೈಯಲ್ಲೂ ಬರೆಸಲಿಲ್ಲ. ಅದರ ಮೊದಲ ಸಾಲಿನಲ್ಲಿ ಕೂರಿಗೆ ಇತ್ತು, ಎರಡನೆಯ ಸಾಲಿನಲ್ಲಿ 2023ರಲ್ಲಿ ಒಣಗಿದ ಒಂದು ಎಕರೆ ಭತ್ತ. ಶಿಫಾರಸು ಪತ್ರ ಕೊಡುವ ಮೂವರನ್ನೂ ಎರಡು ತಿಂಗಳ ಮೊದಲೇ ಕೇಳಿಟ್ಟಿದ್ದಳು. ಒಂದೊಂದು ಅರ್ಜಿಗೂ ಸಾವಿರಾರು ರೂಪಾಯಿ ಶುಲ್ಕ. ಆದ್ದರಿಂದ ಇಪ್ಪತ್ತು ಕಡೆ ಹಾಕದೆ, ಭತ್ತದ ಕೆಲಸ ನಡೆಯುವ ಐದೇ ಪ್ರಯೋಗಶಾಲೆ ಆರಿಸಿ ಅಲ್ಲಿನವರಿಗೆ ಮೊದಲೇ ಪತ್ರ ಬರೆದಿದ್ದಳು. ವೇತನ ಸಹಿತ ಕರೆ ಬಂದರೆ ಒಪ್ಪಿಗೆ ತಿಳಿಸಲು ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳು ಏಪ್ರಿಲ್ 15ರ ತನಕ ಕಾಲ ಕೊಡುತ್ತವೆ ಎಂಬುದೂ ಈಗ ಆಕೆಗೆ ಗೊತ್ತಿತ್ತು. ಯಾರಾದರೂ ಫೋನು ಮಾಡಿ ಅವಸರ ಮಾಡಿದರೆ ಹೆದರಬೇಕಾಗಿರಲಿಲ್ಲ.

ಕಟ್ಟೆಯ ಮೇಲೆ ಕೂತ ಅಪ್ಪ ಅರ್ಜಿಯ ಹಾಳೆಗಳನ್ನು ತಿರುವಿ ನೋಡಿದ. ಓದಲು ಬಾರದ ಇಂಗ್ಲಿಷು. ಅವನು ಬಾಯಿ ತೆರೆಯುವ ಮೊದಲೇ ಮಗಳು ನಕ್ಕು, ‘ಅವರ ಕೊಡಾವ್ರಪ್ಪಾ. ಕೊಡದಿದ್ರ ನಾ ಹೋಗೂದಿಲ್ಲ’ ಎಂದಳು.

‘ನಾ ಅದನ್ನ ಕೇಳಾಂವ ಇರಲಿಲ್ಲ ಬಿಡು’ ಎಂದ ಅಪ್ಪ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಿತ್ತಾಕ ಚಲೋ ಬೀಜ ಯಾವಾಗ ತರತಿ, ಅದನ್ನ ಹೇಳು’ ಎಂದ.